ಮರಳಿ ಬಂದು ಕೇಳುವವರು

ಜನಗಣತಿಯ ಅಧಿಕಾರಿ ಮನೆಯ ಜಗಲಿಯ ಮೇಲೆ ಕುಳಿತು ಯಜಮಾನನನ್ನು ಪ್ರಶ್ನಿಸುತ್ತಾನೆ. ಹೆಸರೇನು, ವಯಸ್ಸೆಷ್ಟು, ಓದು ಎಲ್ಲಿಯವರೆಗೆ, ಕಸುಬು ಯಾವುದು, ಮದುವೆಯಾಗಿದೆಯೇ, ಮಕ್ಕಳೆಷ್ಟು? ಉತ್ತರಗಳನ್ನು ಬರೆದುಕೊಂಡು ಮುಂದಿನ ಮನೆಗೆ ನಡೆಯುತ್ತಾನೆ. ಕೆಲವು ವರ್ಷಗಳು ಕಳೆದ ಮೇಲೆ ಬೇರೊಬ್ಬ ಅಧಿಕಾರಿ ಬಂದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳನ್ನು ಕೇಳುತ್ತಾನೆ. ಆದರೆ “ಹಿಂದಿನ ಸಲ ನೇಕಾರಿಕೆ ಎಂದು ಹೇಳಿದ್ದಿರಲ್ಲ, ಅದನ್ನು ಏಕೆ ಬಿಟ್ಟಿರಿ? ಮಗನನ್ನು ಹೈಸ್ಕೂಲಿಗೆ ಸೇರಿಸುವೆನೆಂದಿದ್ದಿರಿ, ಸೇರಿಸಿದಿರಾ?” ಎಂದು ಅವನು ಕೇಳುವುದಿಲ್ಲ. ಕೇಳುವಂತೆಯೂ ಇಲ್ಲ, ಹಿಂದಿನ ಉತ್ತರ ಅವನ ಕೈಯಲ್ಲಿರುವುದಿಲ್ಲ. ದೇಶದಲ್ಲಿ ನೇಕಾರರು ಎಷ್ಟು ಕಡಿಮೆಯಾದರೆಂಬುದು ಗಣತಿಯಿಂದ ತಿಳಿಯುತ್ತದೆ. ಕಡಿಮೆಯಾದ ಆ ನೇಕಾರರು ಏನಾದರೆಂಬುದು ತಿಳಿಯುವುದಿಲ್ಲ.

ಈ ಕೊರತೆಯನ್ನು ತುಂಬಲೆಂದು ಹುಟ್ಟಿದ ಇನ್ನೊಂದು ಬಗೆಯ ಸಮೀಕ್ಷೆಯುಂಟು. ಅದು ಒಮ್ಮೆ ಕಂಡ ಮನುಷ್ಯನನ್ನು ಮತ್ತೆ ಹುಡುಕಿಕೊಂಡು ಹೋಗುತ್ತದೆ. ಎರಡು ವರ್ಷಕ್ಕೋ ಐದು ವರ್ಷಕ್ಕೋ ಹದಿನೈದು ವರ್ಷಕ್ಕೋ ಅದೇ ಬಾಗಿಲನ್ನು ತಟ್ಟುತ್ತದೆ. ಶಾಲೆಯಲ್ಲಿದ್ದ ಹುಡುಗ ನೌಕರಿಗೆ ಸೇರಿದ್ದನ್ನು, ನೌಕರಿ ಬದಲಿಸಿದ್ದನ್ನು, ಮದುವೆಯಾದದ್ದನ್ನು, ಅಣ್ಣತಮ್ಮಂದಿರಿಂದ ಬೇರೆಯಾದದ್ದನ್ನು, ಕೊನೆಗೆ ಕೆಲಸದಿಂದ ನಿವೃತ್ತನಾದದ್ದನ್ನು ಒಂದೇ ದಾರದಲ್ಲಿ ಪೋಣಿಸುತ್ತದೆ. ಹುಡುಗನನ್ನು ಏಳನೆಯ ತರಗತಿಗೇ ಬಿಡಿಸಿ ದುಡಿಮೆಗೆ ಹಾಕಿದರೆ ಏನಾಗುತ್ತದೆ, ಓದಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆ ಪ್ರತಿಯೊಂದು ಸಂಸಾರವನ್ನೂ ಒಂದಲ್ಲ ಒಂದು ದಿನ ಕಾಡುವುದೇ. ಅದಕ್ಕೆ ಉತ್ತರ ಸಿಗಬೇಕಾದರೆ ಇಪ್ಪತ್ತು ವರ್ಷ ಕಾಯಬೇಕು. ಕಾಯುವುದಷ್ಟೇ ಸಾಲದು, ಆ ಹುಡುಗ ಎಲ್ಲಿಗೆ ಹೋದನೆಂಬುದನ್ನು ಯಾರಾದರೂ ಬರೆದಿಡುತ್ತ ಬರಬೇಕು.

ಹೆದ್ದಾರಿಯ ಬದಿಯ ಊರು

ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಕಣಗಲಾ, ಸಂಕೇಶ್ವರಕ್ಕೂ ನಿಪ್ಪಾಣಿಗೂ ನಡುವೆ ಬೆಂಗಳೂರು–ಪುಣೆ ಹೆದ್ದಾರಿಯ ಮೇಲಿರುವ ಊರು. ಈ ಸೀಮೆಯಲ್ಲಿ ಹುಟ್ಟಿದ ಗಂಡುಮಗನಿಗೆ ಹೊಲ ಒಂದೇ ದಾರಿಯಾಗಿ ಉಳಿದಿಲ್ಲ. ಒಂದು ಕಡೆ ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ. ಇನ್ನೊಂದು ಕಡೆ ನಿಪ್ಪಾಣಿಯ ತಂಬಾಕಿನ ಪೇಟೆ. ಘಟಪ್ರಭೆ ಧುಮುಕುವ ಗೋಕಾಕದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ನೂಲಿನ ಗಿರಣಿ ತಲೆಯೆತ್ತಿತು. ಗಡಿ ದಾಟಿದರೆ ಕೊಲ್ಹಾಪುರ, ಮಗ್ಗಗಳ ಊರಾದ ಇಚಲಕರಂಜಿ. ೧೯೮೫ರಲ್ಲಿ ಕೇಂದ್ರ ಸರ್ಕಾರದ ಹಿಂದೂಸ್ತಾನ್ ಲೇಟೆಕ್ಸ್ ಸಂಸ್ಥೆ ಕಣಗಲಾದಲ್ಲಿಯೇ ಕಾರ್ಖಾನೆಯನ್ನು ತೆರೆಯಿತು. ಕುಟುಂಬ ಯೋಜನೆಯ ಸಾಧನಗಳಿಗೆ ಹೆಸರಾದ ಸಂಸ್ಥೆ ಅದು. ದೇಶದ ಸಂಸಾರಗಳ ಗಾತ್ರವನ್ನು ಬದಲಿಸುವ ವಸ್ತುಗಳ ವ್ಯವಹಾರದಲ್ಲಿ ಹುಕ್ಕೇರಿ ತಾಲೂಕಿನ ಒಂದು ಊರಿಗೂ ಪಾಲು ದೊರೆಯಿತು.

ಇಂಥ ಊರಿನಲ್ಲಿ ಒಂದು ಮನೆಯನ್ನು ಓದುಗರು ಕಲ್ಪಿಸಿಕೊಳ್ಳಲಿ. ಅಜ್ಜ ಮುಂಬಯಿ ಸರ್ಕಾರದ ಕಾಲದಲ್ಲಿ ಮುಲ್ಕಿ ಪರೀಕ್ಷೆ ಮುಗಿಸಿದವನು. ಬೆಳಗಾವಿ ಜಿಲ್ಲೆ ೧೯೫೬ರ ನವೆಂಬರ್ ೧ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಏಳನೆಯ ಇಯತ್ತೆಯ ಮುಲ್ಕಿಯಲ್ಲಿ ತೇರ್ಗಡೆಯಾದವನಿಗೆ ಆಗ ಕನ್ನಡ ಶಾಲೆಯ ಮಾಸ್ತರಿಕೆಯೋ ತಲಾಟಿಯ ಕೆಲಸವೋ ದೊರೆಯಬಹುದಾಗಿತ್ತು. ಮೊಮ್ಮಗನೂ ಏಳನೆಯ ತರಗತಿಯವರೆಗೆ ಓದಿ ಬಿಟ್ಟಿದ್ದಾನೆ. ಅವನಿಗೆ ದೊರೆತದ್ದು ಲಾರಿಯ ಕ್ಲೀನರ್ ಕೆಲಸ. ಒಂದೇ ದಿನ ಇಬ್ಬರನ್ನೂ ಪ್ರಶ್ನಿಸಿದ ಸಮೀಕ್ಷಕನ ಹಾಳೆಯಲ್ಲಿ “ಓದು: ಏಳು ವರ್ಷ” ಎಂದು ಇಬ್ಬರಿಗೂ ಒಂದೇ ಅಂಕೆ ಬೀಳುತ್ತದೆ. ಅಜ್ಜನಿಗೆ ಪಿಂಚಣಿ ಬರುತ್ತಿದೆ, ಮೊಮ್ಮಗನಿಗೆ ದಿನಗೂಲಿ. ಓದು ಸಮನಾಗಿದ್ದೂ ಗಳಿಕೆ ಬೇರೆಯಾದದ್ದನ್ನು ಕಂಡು ಪಟ್ಟಣದ ಪಂಡಿತನೊಬ್ಬ “ಶಿಕ್ಷಣದಿಂದ ಪ್ರಯೋಜನವಿಲ್ಲ, ವಯಸ್ಸಿನಿಂದಲೇ ಸಂಪಾದನೆ” ಎಂದು ತೀರ್ಮಾನಿಸಿದರೆ ಆಶ್ಚರ್ಯವೇನು? ಅಜ್ಜನ ಏಳು ವರ್ಷದ ಬೆಲೆ ಒಂದು, ಮೊಮ್ಮಗನ ಏಳು ವರ್ಷದ ಬೆಲೆ ಇನ್ನೊಂದು. ಅಜ್ಜ ಇಪ್ಪತ್ತರ ಹರೆಯದಲ್ಲಿದ್ದಾಗ ಏನು ಮಾಡುತ್ತಿದ್ದನೆಂಬುದನ್ನು ಆಗಲೇ ಬರೆದಿಟ್ಟಿದ್ದರೆ ಈ ತಪ್ಪು ನಡೆಯುತ್ತಿರಲಿಲ್ಲ.

ಈ ಕಲ್ಪಿತ ಮನೆಯಲ್ಲಿ ಇನ್ನೊಂದು ತೊಡಕೂ ಇದೆ. ಮೂವರು ಮಕ್ಕಳಲ್ಲಿ ಹಿರಿಯವನು ಇಚಲಕರಂಜಿಯ ಮಗ್ಗದ ಮೇಲೆ, ನಡುವಿನವನು ಕಾರ್ಖಾನೆಯಲ್ಲಿ, ಕಿರಿಯವನು ಕಬ್ಬಿನ ಹೊಲದಲ್ಲಿ. ಸಮೀಕ್ಷಕ ಬಂದ ಹೊತ್ತಿಗೆ ಮನೆಯಲ್ಲಿದ್ದವಳು ತಾಯಿ. “ಹಿರಿಯವ ಇಚಲಕರಂಜಿಗೆ ಹೋಗ್ಯಾನ್ರೀ, ದೀಪಾವಳಿಗೆ ಬರ್ತಾನ” ಎಂದು ಅವಳು ಹೇಳುತ್ತಾಳೆ. ಹಾಳೆಯಲ್ಲಿ ಅವನಿಗೆ ಸ್ಥಳವಿಲ್ಲ. ಆ ದಿನ ಆ ಮನೆಯಲ್ಲಿ ಉಣ್ಣುವವರ ಲೆಕ್ಕ ಮಾತ್ರ ಅಲ್ಲಿ ಬೇಕಾಗಿದೆ. ಆದರೆ ಮನೆಯ ಸಾಲ ತೀರಿಸುತ್ತಿರುವವನೇ ಹಿರಿಯ ಮಗ. ಅವನಿಲ್ಲದ ಲೆಕ್ಕ ಆ ಮನೆಯ ಲೆಕ್ಕವೇ ಅಲ್ಲ.

ಮಂಡ್ಯದ ಎರಡು ಹಳ್ಳಿಗಳು

ಇಂಥ ತೊಡಕುಗಳನ್ನು ಬಿಡಿಸಿದ ಹೆಸರಾಂತ ಪ್ರಯತ್ನವೊಂದು ಕನ್ನಡ ನಾಡಿನಲ್ಲಿಯೇ ನಡೆಯಿತು. ವಿಯೆನ್ನಾದಲ್ಲಿ ೧೯೨೨ರಲ್ಲಿ ಹುಟ್ಟಿ, ನಾಜಿಗಳ ಹಾವಳಿಯಿಂದ ಪಾರಾಗಿ ಇಂಗ್ಲೆಂಡಿಗೆ ಬಂದು, ಮ್ಯಾಂಚೆಸ್ಟರಿನಲ್ಲಿ ವ್ಯಾಸಂಗ ಮಾಡಿದ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ ೧೯೫೪ರಲ್ಲಿ ಮಂಡ್ಯದ ಸೀಮೆಗೆ ಬಂದಳು. ಅವಳ ಗ್ರಂಥಗಳಲ್ಲಿ ವಂಗಲ, ದಾಲೇನ ಎಂಬ ಹೆಸರುಗಳಿಂದ ಪರಿಚಿತವಾದ ಎರಡು ಹಳ್ಳಿಗಳಲ್ಲಿ ೧೯೫೬ರವರೆಗೆ ಇದ್ದು, ಮನೆ ಮನೆಯ ಆದಾಯ, ಖರ್ಚು, ಬೆಳೆ, ಸಾಲ, ಮದುವೆ, ಜಗಳಗಳನ್ನು ಬರೆದುಕೊಂಡಳು. ಅವಳ ಮೊದಲ ಗ್ರಂಥ ೧೯೬೨ರಲ್ಲಿ ಪ್ರಕಟವಾಯಿತು.

ವಂಗಲಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಹರಿದಿತ್ತು. ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬು ಬೇಕಾಗಿತ್ತು. ರೈತನ ಕೈಯಲ್ಲಿ ಹಿಂದೆಂದೂ ಕಾಣದ ಹಣ ಓಡಾಡಿತು. ದಾಲೇನ ಎತ್ತರದ ನೆಲದಲ್ಲಿದ್ದುದರಿಂದ ಅದರ ಹೊಲಗಳಿಗೆ ನಾಲೆಯ ನೀರು ಏರಲಿಲ್ಲ. ಸುತ್ತಲೂ ಹಸಿರು, ನಡುವೆ ಆ ಊರು ಒಣಗಿಯೇ ಉಳಿಯಿತು. ಯಾವ ಊರು ಹೆಚ್ಚು ಬದಲಾಯಿತೆಂದು ಕೇಳಿದರೆ ಯಾರಾದರೂ ನೀರು ಬಂದ ಊರನ್ನು ತೋರಿಸಿಯಾರು. ಎಪ್‌ಸ್ಟೈನ್ ಕಂಡದ್ದು ಇದಕ್ಕೆ ವಿರುದ್ಧ. ವಂಗಲದ ಗಂಡಸು ಬೇಸಾಯಗಾರನಾಗಿಯೇ ಉಳಿದ. ಹಣ ಹೆಚ್ಚಿತು, ಆದರೆ ಹಳೆಯ ಯಜಮಾನಿಕೆ, ಹಳೆಯ ಕೊಡುಕೊಳ್ಳುವಿಕೆ, ಜಾತಿಜಾತಿಗಳ ನಡುವಿನ ಪರಂಪರೆಯ ನಂಟು ಬಹುಮಟ್ಟಿಗೆ ಹಾಗೆಯೇ ನಿಂತವು. ದಾಲೇನದ ಗಂಡಸು ಹೊಟ್ಟೆಪಾಡಿಗಾಗಿ ಊರ ಹೊರಗೆ ನೋಡಲೇಬೇಕಾಯಿತು. ಗಾಡಿಯಲ್ಲಿ ಕಬ್ಬು ಸಾಗಿಸಿದ, ವ್ಯಾಪಾರಕ್ಕೆ ಕೈಹಾಕಿದ, ಹಿಟ್ಟಿನ ಗಿರಣಿ ಇಟ್ಟ, ಮಂಡ್ಯದ ಕಾರ್ಖಾನೆಗೂ ಕಚೇರಿಗೂ ಹೋಗಿಬಂದ. ಹೊರಗೆ ದುಡಿದು ಬಂದವನು ಊರೊಳಗಿನ ಹಳೆಯ ಕಟ್ಟುಗಳಿಗೆ ಮೊದಲಿನಂತೆ ತಲೆಬಾಗಲಿಲ್ಲ. ಕಸುಬು ಬದಲಾದಾಗ ಮನುಷ್ಯ ಬದಲಾಗುತ್ತಾನೆ, ಬರಿಯ ಗಳಿಕೆ ಹೆಚ್ಚಿದಾಗ ಅಷ್ಟಾಗಿ ಅಲ್ಲ ಎಂಬುದು ಆ ಎರಡು ಊರುಗಳ ಪಾಠ.

ಕಥೆ ಅಲ್ಲಿಗೇ ಮುಗಿದಿದ್ದರೆ ಅದು ಒಳ್ಳೆಯದೊಂದು ಗ್ರಂಥವಾಗಿ ಉಳಿಯುತ್ತಿತ್ತು, ಅಷ್ಟೆ. ಎಪ್‌ಸ್ಟೈನ್ ೧೯೭೦ರಲ್ಲಿ ಮರಳಿ ಬಂದಳು. ಅವೇ ಎರಡು ಊರುಗಳು, ಅವೇ ಮನೆಗಳು. ಹದಿನೈದು ವರ್ಷದ ಹಿಂದೆ ಲಂಗೋಟಿ ಹಾಕಿಕೊಂಡು ಓಡಾಡಿದ ಹುಡುಗರು ಮೀಸೆ ತಿರುವುತ್ತಿದ್ದರು. ಆಗ ಕಂಡ ಎರಡು ಸಂಗತಿಗಳು ಒಂದೇ ಸಲದ ಸಮೀಕ್ಷೆಯಲ್ಲಿ ಕಾಣುವಂಥವಲ್ಲ.

ಮೊದಲನೆಯದು ಅವಿಭಕ್ತ ಕುಟುಂಬದ ಸಂಗತಿ. ಹಣಕಾಸು ಬೆಳೆದಂತೆ, ಮಕ್ಕಳು ಓದಿ ನೌಕರಿಗೆ ಹೋದಂತೆ ಒಟ್ಟು ಕುಟುಂಬ ಒಡೆಯುವುದೆಂದು ಎಲ್ಲರೂ ಹೇಳುತ್ತ ಬಂದಿದ್ದರು. ಮನೆಗಳನ್ನು ಎಣಿಸಿದರೆ ಆ ಮಾತು ನಿಜವೆಂದೇ ತೋರುತ್ತಿತ್ತು. ಒಂದು ಒಲೆ ಇದ್ದಲ್ಲಿ ಎರಡು ಮೂರು ಒಲೆಗಳಾಗಿದ್ದವು. ಆದರೆ ಹಿಂದಿನ ಪರಿಚಯವಿದ್ದ ಎಪ್‌ಸ್ಟೈನ್ ಒಲೆಗಳನ್ನು ಎಣಿಸಿ ಸುಮ್ಮನಾಗಲಿಲ್ಲ. ಬೇರೆ ಬೇರೆ ಸೂರಿನಡಿ ಬಾಳುತ್ತಿದ್ದ ಅಣ್ಣತಮ್ಮಂದಿರಲ್ಲಿ ಕೆಲವರು ಗಳಿಕೆಯನ್ನೂ ಖರ್ಚನ್ನೂ ಒಂದಾಗಿಯೇ ನಡೆಸುತ್ತಿದ್ದುದನ್ನು ಕಂಡಳು. ಪೇಟೆಯಲ್ಲಿದ್ದ ತಮ್ಮನಿಗೆ ಊರಿನಿಂದ ಅಕ್ಕಿ ಹೋಗುತ್ತಿತ್ತು. ಊರಿನ ಅಣ್ಣನ ಕೃಷಿಗೆ ಪೇಟೆಯಿಂದ ಹಣ ಬರುತ್ತಿತ್ತು. ಒಡೆದ ಕುಟುಂಬವೂ ಅಲ್ಲದ, ಹಳೆಯ ಒಟ್ಟು ಕುಟುಂಬವೂ ಅಲ್ಲದ ಈ ಹೊಸ ಏರ್ಪಾಟಿಗೆ ಅವಳು ‘ಹಂಚಿಕೊಳ್ಳುವ ಕುಟುಂಬ’ ಎಂಬರ್ಥದ ಹೆಸರಿಟ್ಟಳು. ಕಣಗಲಾದ ಕಲ್ಪಿತ ಮನೆಯ ಮೂವರು ಅಣ್ಣತಮ್ಮಂದಿರನ್ನು ಇಲ್ಲಿ ನೆನೆದರೆ ಮಾತು ಇನ್ನಷ್ಟು ಸ್ಪಷ್ಟವಾಗುವುದು. ಪಟ್ಟಣದಲ್ಲಿ ನೌಕರಿ ಹಿಡಿದು, ವರ್ಷಕ್ಕೊಮ್ಮೆ ಊರಿನಿಂದ ಜೋಳದ ಚೀಲವನ್ನೋ ಅಕ್ಕಿಯ ಮೂಟೆಯನ್ನೋ ತರಿಸಿಕೊಳ್ಳುವ ಗೃಹಸ್ಥನಿಗೂ ಇದು ಹೊಸ ಸಂಗತಿಯೇನೂ ಅಲ್ಲ. ತನ್ನ ಸಂಸಾರಕ್ಕೆ ಶಾಸ್ತ್ರದಲ್ಲಿಯೂ ಒಂದು ಹೆಸರಿದೆ ಎಂಬುದಷ್ಟೇ ಹೊಸದು.

ಎರಡನೆಯದು ಮದುವೆಯ ಸಂಗತಿ. ಎಪ್‌ಸ್ಟೈನ್ ಮೊದಲು ಬಂದಾಗ ಒಕ್ಕಲಿನ ಮನೆಗಳಲ್ಲಿ ಗಂಡಿನ ಕಡೆಯವರು ಹೆಣ್ಣಿಗೆ ತೆರ ಕೊಡುವ ಪದ್ಧತಿಯಿತ್ತು. ಮರಳಿ ಬಂದಾಗ ವರದಕ್ಷಿಣೆ ಕಾಲಿಟ್ಟಿತ್ತು. ಓದಿದ ವರ, ನೌಕರಿಯ ವರ ಬೇಕೆಂಬ ಆಸೆ ಹೆಣ್ಣು ಹೆತ್ತವರಲ್ಲಿ ಹುಟ್ಟಿತು. ಅಂಥ ವರರು ಕೆಲವರೇ ಇದ್ದರು. ಬೇಡಿಕೆ ಹೆಚ್ಚಿದ ಸರಕಿಗೆ ಬೆಲೆ ಏರುವಂತೆ ಅವರಿಗೂ ಬೆಲೆ ಏರಿತು. ಮಗನನ್ನು ಹೈಸ್ಕೂಲಿಗೆ ಕಳಿಸಿದ ತಂದೆಗೆ ಅದು ಮಗನ ಜ್ಞಾನಕ್ಕಾಗಿ ಎನಿಸಿರಬಹುದು. ಹದಿನೈದು ವರ್ಷದ ತರುವಾಯ ಆ ಓದು ಬೇರೊಬ್ಬರ ಮನೆಯ ಹೊಲವನ್ನು ಅಡವಿಡಿಸುವ ಕಾರಣವಾಗಬಹುದೆಂದು ಅವನು ಕನಸಿನಲ್ಲಿಯೂ ಎಣಿಸಿರಲಾರ. ಗಂಡಸಿನ ಓದು, ಗಂಡಸಿನ ದುಡಿಮೆ, ಗಂಡಸಿನ ಮದುವೆ ಇವು ಮೂರು ಬೇರೆ ಬೇರೆ ಅಧ್ಯಾಯಗಳಲ್ಲ ಎಂಬುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

ಮರುಸಮೀಕ್ಷೆಯ ಗ್ರಂಥ ೧೯೭೩ರಲ್ಲಿ ಹೊರಬಂದಿತು. ಎ. ಪಿ. ಸೂರ್ಯನಾರಾಯಣ, ಟಿ. ತಿಮ್ಮೇಗೌಡ ಇವರೊಡನೆ ಸೇರಿ ಆ ಹಳ್ಳಿಗಳ ನಾಲ್ವತ್ತು ವರ್ಷಗಳ ಮಾರ್ಪಾಟನ್ನು ಕುರಿತು ಬರೆದ ಇನ್ನೊಂದು ಗ್ರಂಥ ೧೯೯೮ರಲ್ಲಿ ಪ್ರಕಟವಾಯಿತು. ಎಪ್‌ಸ್ಟೈನ್ ೨೦೧೪ರಲ್ಲಿ ತೀರಿಕೊಂಡಳು.

ಮೈಸೂರು ಸೀಮೆಯಲ್ಲಿ ಇನ್ನೊಂದು ಬಗೆಯ ಮರುಪ್ರಶ್ನೆಯೂ ನಡೆದಿದೆ. ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಕೂಡಿ ೧೯೫೧-೫೨ರಲ್ಲಿ ನಡೆಸಿದ ಮೈಸೂರು ಜನಸಂಖ್ಯಾ ಸಮೀಕ್ಷೆಯಲ್ಲಿ, ಎಷ್ಟು ಮಕ್ಕಳಿದ್ದರೆ ಸಾಕೆಂದು ದಂಪತಿಗಳನ್ನು ಕೇಳಲಾಗಿತ್ತು. ೧೯೭೫ರಲ್ಲಿ ಬೆಂಗಳೂರಿನ ಜನಸಂಖ್ಯಾ ಕೇಂದ್ರದವರು ಅದೇ ಪ್ರದೇಶಗಳಿಗೆ ಮರಳಿ ಒಂದು ತಲೆಮಾರಿನ ಅಂತರವನ್ನು ಅಳೆದರು. ಅಲ್ಲಿ ಮರಳಿ ಬಂದದ್ದು ಊರಿಗೆ. ಅದೇ ಮನುಷ್ಯನ ಬಳಿಗೆ ಅಲ್ಲ. ಊರಿಗೆ ಮರಳಿದರೆ ಕಾಲದ ಬದಲಾವಣೆ ತಿಳಿಯುತ್ತದೆ. ಅದೇ ಮನುಷ್ಯನ ಬಳಿಗೆ ಮರಳಿದರೆ ಆ ಬದಲಾವಣೆ ಯಾರ ಪಾಲಿಗೆ ಏನನ್ನು ತಂದಿತೆಂಬುದೂ ತಿಳಿಯುತ್ತದೆ.

ಸಾಗರದಾಚೆಯ ಲೆಕ್ಕ

ಅಮೆರಿಕದಲ್ಲಿ ಈ ಕೆಲಸವನ್ನು ಸರ್ಕಾರವೇ ಕೈಗೆತ್ತಿಕೊಂಡಿತು. ನಡುವಯಸ್ಸು ದಾಟಿದ ಗಂಡಸರು ಹೆಚ್ಚು ಹೆಚ್ಚಾಗಿ ದುಡಿಮೆಯಿಂದ ಹೊರಬೀಳುತ್ತಿದ್ದುದೂ, ಎಳೆಯ ಗಂಡಸರಿಗೆ ಶಾಲೆಯಿಂದ ಕೆಲಸಕ್ಕೆ ದಾಟುವುದು ಕಠಿಣವಾಗಿದ್ದುದೂ ಅಲ್ಲಿನ ಕಾರ್ಮಿಕ ಇಲಾಖೆಯನ್ನು ಚಿಂತೆಗೆ ಹಚ್ಚಿತ್ತು. ೧೯೬೬ರಲ್ಲಿ ೪೫ರಿಂದ ೫೯ ವಯಸ್ಸಿನ ೫,೦೨೦ ಹಿರಿಯರನ್ನೂ, ೧೪ರಿಂದ ೨೪ ವಯಸ್ಸಿನ ೫,೨೨೫ ತರುಣರನ್ನೂ ಆರಿಸಿ ಅವರ ಬೆನ್ನುಹತ್ತಿದರು. ಒಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯದ ಹರ್ಬರ್ಟ್ ಪಾರ್ನ್ಸ್ ಎಂಬ ಅರ್ಥಶಾಸ್ತ್ರಜ್ಞ ಇದರ ಮುಂದಾಳು. ಜನಗಣತಿ ಇಲಾಖೆಯ ನೌಕರರು ಪ್ರಶ್ನಾವಳಿ ಹಿಡಿದು ಹೋಗುತ್ತಿದ್ದರು.

ಹಿರಿಯರ ಲೆಕ್ಕದಿಂದ ಒಂದು ದೊಡ್ಡ ತಪ್ಪು ಕಲ್ಪನೆ ಕರಗಿತು. ವಯಸ್ಸಿನ ನಿಯಮವನ್ನು ಮುಂದೊಡ್ಡಿ ಮಾಲೀಕರು ಗಂಡಸರನ್ನು ಬಲವಂತವಾಗಿ ಮನೆಗೆ ಕಳಿಸುತ್ತಾರೆಂದು ಜನ ನಂಬಿದ್ದರು. ವರ್ಷ ವರ್ಷದ ಉತ್ತರಗಳನ್ನು ಕೂಡಿಸಿ ನೋಡಿದಾಗ ಹಾಗೆ ಇಷ್ಟವಿಲ್ಲದೆ ಹೊರಬಿದ್ದವರು ಕೆಲವರೇ ಎಂದು ತಿಳಿಯಿತು. ಆರೋಗ್ಯ ಕೆಟ್ಟು ಕೆಲಸ ಬಿಟ್ಟವರು ಅವರಿಗಿಂತ ಎಷ್ಟೋ ಹೆಚ್ಚು. ಇಲ್ಲಿ ಮರಳಿ ಕೇಳುವುದರ ಬೆಲೆ ಏನೆಂಬುದನ್ನು ಗಮನಿಸಬೇಕು. ಕೆಲಸ ಬಿಟ್ಟ ಮೇಲೆ ಒಮ್ಮೆ ಮಾತ್ರ ಕೇಳಿದರೆ “ಮೈಯಲ್ಲಿ ಸ್ವಸ್ಥವಿರಲಿಲ್ಲ” ಎಂದು ಯಾರಾದರೂ ಹೇಳಿಯಾರು. ಮರ್ಯಾದೆ ಉಳಿಸುವ ಉತ್ತರ ಅದು. ಕೆಲಸದಲ್ಲಿದ್ದಾಗಲೇ ಅದೇ ಮನುಷ್ಯ ತನ್ನ ಆರೋಗ್ಯದ ಬಗೆಗೆ ಏನು ಹೇಳಿದ್ದನೆಂಬುದು ಕೈಯಲ್ಲಿದ್ದರೆ ಎರಡನ್ನೂ ತಾಳೆ ನೋಡಬಹುದು.

ಗಂಡಸರಿಂದ ಆರಂಭಿಸಿದವರಿಗೆ ಬೇಗನೆ ಇನ್ನೊಂದು ಮಾತು ಹೊಳೆಯಿತು: ಹೆಂಗಸರನ್ನು ಬಿಟ್ಟು ಗಂಡಸಿನ ಬಾಳು ಪೂರ್ಣವಾಗದು. ೧೯೬೭ರಲ್ಲಿ ನಡುವಯಸ್ಸಿನ ಹೆಂಗಸರನ್ನೂ ೧೯೬೮ರಲ್ಲಿ ತರುಣಿಯರನ್ನೂ ಸೇರಿಸಿಕೊಂಡರು. ಹಿರಿಯ ಗಂಡಸರ ಸಮೀಕ್ಷೆ ೧೯೮೩ರವರೆಗೆ ನಡೆದು ನಿಂತಿತ್ತು. ೧೯೯೦ರಲ್ಲಿ ಮತ್ತೊಮ್ಮೆ ಹೋದಾಗ ಬಹುಮಂದಿ ತೀರಿಕೊಂಡಿದ್ದರು. ಅಂಥ ಮನೆಗಳಲ್ಲಿ ವಿಧವೆಯರನ್ನೂ ಮನೆಮಂದಿಯನ್ನೂ ಕೇಳಿ ಕೊನೆಯ ಪುಟವನ್ನು ತುಂಬಿದರು. ಇಪ್ಪತ್ತನಾಲ್ಕು ವರ್ಷದ ಹಿಂದೆ ಗಂಡ ಹೇಳಲು ತೊಡಗಿದ ಕಥೆಯನ್ನು ಅನೇಕ ಮನೆಗಳಲ್ಲಿ ಹೆಂಡತಿಯೇ ಮುಗಿಸಬೇಕಾಯಿತು.

ಇಂಗ್ಲೆಂಡಿನವರು ಇನ್ನೂ ಮೊದಲಿನಿಂದ, ತೊಟ್ಟಿಲಿನಿಂದಲೇ ತೊಡಗಿದರು. ೧೯೪೬ರ ಮಾರ್ಚ್ ತಿಂಗಳ ಒಂದು ವಾರದಲ್ಲಿ ಹುಟ್ಟಿದ ಮಕ್ಕಳಲ್ಲಿ ೫,೩೬೨ ಮಂದಿಯನ್ನು ಆರಿಸಿ ಜೇಮ್ಸ್ ಡಗ್ಲಸ್ ಎಂಬ ವೈದ್ಯ ಹಿಂಬಾಲಿಸಿದ. ಬುದ್ಧಿಯಲ್ಲಿ ಸಮನಾಗಿದ್ದ ಮಕ್ಕಳಲ್ಲಿಯೂ ಕೂಲಿಕಾರರ ಮನೆಯವರು ಓದಿನಲ್ಲಿ ಹಿಂದೆ ಬೀಳುತ್ತಿದ್ದುದನ್ನೂ, ಮಗುವಿನ ಓದಿನಲ್ಲಿ ತಂದೆತಾಯಿಗಳು ತೋರುವ ಆಸಕ್ತಿಗೆ ಎಷ್ಟು ಬಲವಿದೆಯೆಂಬುದನ್ನೂ ಅವನು ೧೯೬೪ರ ಗ್ರಂಥದಲ್ಲಿ ತೋರಿಸಿಕೊಟ್ಟ. ಆ ಮಕ್ಕಳಿಗೆ ೨೦೧೬ರಲ್ಲಿ ಎಪ್ಪತ್ತು ತುಂಬಿತು. ಆಗಲೂ ಅವರನ್ನು ಕೇಳುವುದು ನಿಂತಿರಲಿಲ್ಲ.

ಕೈತಪ್ಪಿ ಹೋದವರು

ಈ ಸಮೀಕ್ಷೆಗಳ ಅತಿದೊಡ್ಡ ಶತ್ರು ಯಾವುದು? ಸುಳ್ಳು ಉತ್ತರವಲ್ಲ, ಹಣದ ಕೊರತೆಯೂ ಅಲ್ಲ. ಮನೆಯಲ್ಲಿ ಸಿಗದ ಮನುಷ್ಯ. ಅಮೆರಿಕದ ತರುಣರ ಸಮೀಕ್ಷೆ ೧೯೮೧ರಲ್ಲಿ ನಿಂತಾಗ, ಮೊದಲಿದ್ದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಮಾತ್ರ ಉಳಿದಿದ್ದರು. ಆ ವರ್ಷಗಳಲ್ಲಿ ವಿಯೆಟ್ನಾಮಿನ ಯುದ್ಧ ನಡೆದಿತ್ತು; ಸೈನ್ಯಕ್ಕೆ ಸೇರಿದ ತರುಣರು ಪ್ರಶ್ನೆಗೆ ದೊರೆಯಲಿಲ್ಲ, ಮರಳಿದವರಲ್ಲಿಯೂ ಎಷ್ಟೋ ಮಂದಿ ಕೈಗೆ ಸಿಗಲಿಲ್ಲ. ಯುದ್ಧ ಒಬ್ಬ ಗಂಡಸಿನ ಓದು, ಕೆಲಸ, ಮದುವೆಗಳನ್ನು ಹೇಗೆ ತಿರುಗಿಸುತ್ತದೆಂಬುದನ್ನು ಯಾರ ಬಾಳಿನಿಂದ ತಿಳಿಯಬೇಕಾಗಿತ್ತೋ ಅವರೇ ಲೆಕ್ಕದಿಂದ ಜಾರಿದರು.

ಊರು ಬಿಟ್ಟವನು ಎಂಥವನು? ಒಂದೋ ಹೆಚ್ಚು ಓದಿ ಮೇಲೇರಿದವನು, ಇಲ್ಲವೇ ಸಾಲದ ಹೊರೆಗೆ ಬೆದರಿ ತಲೆಮರೆಸಿಕೊಂಡವನು. ಅವನನ್ನು ಬಿಟ್ಟು ಮನೆಯಲ್ಲಿ ಉಳಿದವರನ್ನಷ್ಟೇ ಕೇಳಿದರೆ ಊರಿನಲ್ಲಿ ಯಾರೂ ಬಹಳ ಏರಿಲ್ಲ, ಯಾರೂ ಬಹಳ ಬಿದ್ದಿಲ್ಲ ಎಂಬ ಸಮಾಧಾನದ ವರದಿ ಸಿದ್ಧವಾಗುತ್ತದೆ. ಅಂಥ ವರದಿಯನ್ನು ನಂಬಿ ಸರ್ಕಾರ ಶಾಲೆ ಕಟ್ಟುವುದನ್ನೋ ವಿದ್ಯಾರ್ಥಿವೇತನವನ್ನೋ ನಿರ್ಧರಿಸಿದರೆ ನಷ್ಟ ಯಾರಿಗೆ?

ಭಾರತದಲ್ಲಿ ಈ ಬಗೆಯ ದೊಡ್ಡ ಪ್ರಯತ್ನವೆಂದರೆ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆ. ದೆಹಲಿಯ ರಾಷ್ಟ್ರೀಯ ಅನ್ವಯಿಕ ಆರ್ಥಿಕ ಸಂಶೋಧನಾ ಮಂಡಳಿಯೂ ಅಮೆರಿಕದ ಮೇರಿಲೆಂಡ್ ವಿಶ್ವವಿದ್ಯಾನಿಲಯವೂ ಕೂಡಿ ೨೦೦೪-೦೫ರಲ್ಲಿ ೪೧,೫೫೪ ಸಂಸಾರಗಳನ್ನು ಸಂದರ್ಶಿಸಿದವು. ಕರ್ನಾಟಕದ ಮನೆಗಳೂ ಅದರಲ್ಲಿ ಸೇರಿದ್ದವು. ೨೦೧೧-೧೨ರಲ್ಲಿ ಮರಳಿ ಹೋದಾಗ ನೂರಕ್ಕೆ ೮೩ ಸಂಸಾರಗಳು ದೊರೆತವು. ಹಳ್ಳಿಗಳಲ್ಲಿ ಸಿಕ್ಕಷ್ಟು ಮಂದಿ ಪಟ್ಟಣಗಳಲ್ಲಿ ಸಿಗಲಿಲ್ಲ. ಬಾಡಿಗೆ ಮನೆ ಬದಲಿಸಿದವನ ಗುರುತನ್ನು ನೆರೆಯವನು ಹೇಳಲಾರ. ಒಡೆದು ಬೇರೆಯಾದ ಕವಲು ಸಂಸಾರ ಅದೇ ಊರಿನಲ್ಲಿದ್ದರೆ ಅದನ್ನೂ ಸೇರಿಸಿಕೊಂಡರು. ಆದರೆ ಹೊಟ್ಟೆಪಾಡಿಗೆ ದೂರ ಹೋದವನು ಅಲ್ಲಿಯೂ ಕಠಿಣವಾದ ಗಂಟೇ.

ಒಂದೇ ಊರನ್ನು ಹಿಡಿದು ಕುಳಿತವರ ಉದಾಹರಣೆ ಉತ್ತರಪ್ರದೇಶದಲ್ಲಿದೆ. ಮೊರಾದಾಬಾದ್ ಜಿಲ್ಲೆಯ ಪಾಲನ್‌ಪುರವೆಂಬ ಹಳ್ಳಿಯನ್ನು ೧೯೫೭-೫೮ರಿಂದ ಮೊದಲ್ಗೊಂಡು ಇಪ್ಪತ್ತೊಂದನೆಯ ಶತಮಾನದವರೆಗೆ, ದಶಕಕ್ಕೊಮ್ಮೆಯಾದರೂ, ಮನೆ ಬಿಡದೆ ವಿಚಾರಿಸಿದ್ದಾರೆ. ಮೊದಮೊದಲು ಹಸುರು ಕ್ರಾಂತಿಯ ಗೋಧಿ, ತರುವಾಯ ಹೊರಗಿನ ಕೂಲಿ, ಇಟ್ಟಿಗೆ ಭಟ್ಟಿ, ಪಟ್ಟಣದ ಕೆಲಸ ಇವುಗಳಿಂದ ಗಳಿಕೆ ಏರಿತು. ಜೊತೆಯಲ್ಲಿಯೇ ಅಂತರವೂ ಏರಿತು. ತಂದೆಯ ಸ್ಥಿತಿಯಿಂದ ಮಗನ ಸ್ಥಿತಿಯನ್ನು ಊಹಿಸುವುದು ಕ್ರಮೇಣ ಸುಲಭವಾಗುತ್ತ ಬಂದಿತೆಂದು ಅಲ್ಲಿನ ಸಂಶೋಧಕರು ೨೦೧೮ರ ಗ್ರಂಥದಲ್ಲಿ ಬರೆದರು. ಎಲ್ಲರೂ ಸ್ವಲ್ಪ ಸ್ವಲ್ಪ ಮೇಲೇರಿದ ಊರಿನಲ್ಲಿಯೂ ಬಡವನ ಮಗನಿಗೆ ಮೆಟ್ಟಿಲು ಎತ್ತರವಾಗಬಹುದೆಂಬ ಈ ಮಾತು ಅರವತ್ತು ವರ್ಷ ಕಾದದ್ದರಿಂದ ತಿಳಿದದ್ದು.

ಹಳೆಯ ಪುಸ್ತಕಗಳ ಬೆಲೆ

ಕೆಲವೊಮ್ಮೆ ಸಮೀಕ್ಷೆಯ ಮೊದಲ ಪುಟವನ್ನು ಯಾರೋ ಅರಿಯದೆ ಬರೆದಿಟ್ಟಿರುತ್ತಾರೆ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ ೧೯೩೪ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾದಿಯರು ಹೆರಿಗೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅರವತ್ತು ವರ್ಷವಾದ ಮೇಲೆ ಸಂಶೋಧಕರು ಸುತ್ತಲಿನ ಬಡಾವಣೆಗಳಲ್ಲಿ ಮನೆ ಮನೆ ವಿಚಾರಿಸಿ ಆ ಕೂಸುಗಳನ್ನು ಪತ್ತೆಹಚ್ಚಿದರು. ಕೂಸುಗಳಿಗೆ ಆಗ ನರೆ ಬಂದಿತ್ತು. ಹಾಗೆ ದೊರೆತವರಲ್ಲಿ ೫೧೭ ಮಂದಿಯನ್ನು ಪರೀಕ್ಷಿಸಿ, ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಹೃದ್ರೋಗ ಹೆಚ್ಚೆಂಬುದನ್ನು ೧೯೯೬ರಲ್ಲಿ ಪ್ರಕಟಿಸಿದರು. ಲೇಖನಿ ಹಿಡಿದ ದಾದಿಗೆ ಅದು ದಿನದ ಕೆಲಸ. ಅವಳು ಅಂದವಾಗಿ, ಬೇಸರಪಡದೆ ಬರೆದದ್ದರಿಂದ ಜಗತ್ತಿಗೆ ಒಂದು ತಿಳಿವು ದೊರೆಯಿತು.

ಇಂಥ ಪುಸ್ತಕಗಳು ಊರೂರಿನಲ್ಲಿವೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹುಡುಗನ ಹೆಸರು, ತಂದೆಯ ಕಸುಬು, ಶಾಲೆ ಬಿಟ್ಟ ದಿನಾಂಕ, ಬಿಟ್ಟ ಕಾರಣಗಳಿರುತ್ತವೆ. ಹೊಲದ ಉತಾರದಲ್ಲಿ ಅಣ್ಣತಮ್ಮಂದಿರು ಯಾವ ವರ್ಷ ಪಾಲಾದರೆಂಬುದಿರುತ್ತದೆ. ಗಿರಣಿಯ, ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಮನುಷ್ಯ ಕೆಲಸಕ್ಕೆ ಸೇರಿದ್ದೂ ಬಿಟ್ಟದ್ದೂ ಇರುತ್ತದೆ. ಬೇರೆ ಬೇರೆ ಕಪಾಟುಗಳಲ್ಲಿರುವ ಈ ಪುಟಗಳು ಒಂದೆಡೆ ಸೇರಿದರೆ ಒಬ್ಬ ಗಂಡಸಿನ ಬಾಳಿನ ಅರ್ಧ ಚರಿತ್ರೆಯಾಗುತ್ತದೆ. ಉಳಿದ ಅರ್ಧವನ್ನು ಅವನ ಬಾಯಿಂದಲೇ ಕೇಳಬೇಕು: ಶಾಲೆ ಬಿಟ್ಟದ್ದು ಯಾರ ಮಾತಿನಿಂದ, ಕೆಲಸ ಬಿಟ್ಟದ್ದು ಯಾವ ನೋವಿನಿಂದ?

ಹುಡುಕುವ ದಾರಿಯೂ ನಮ್ಮ ಕಡೆಯ ಬಾಳುವೆಯಲ್ಲಿಯೇ ಇದೆ. ಮೊದಲ ಭೇಟಿಯಲ್ಲಿಯೇ ಅವನ ಅತ್ತೆಮನೆಯ ಊರು, ಸೋದರಮಾವನ ಊರು, ಅಕ್ಕತಂಗಿಯರನ್ನು ಕೊಟ್ಟ ಮನೆಗಳನ್ನು ಬರೆದಿಟ್ಟುಕೊಂಡರೆ ಮನುಷ್ಯ ಸುಲಭವಾಗಿ ಕಳೆದುಹೋಗಲಾರ. ಊರಿನ ಜಾತ್ರೆಗೂ ದೀಪಾವಳಿಗೂ ಪರಸ್ಥಳದವರು ಮನೆಗೆ ಬರುತ್ತಾರೆ. ಸರ್ಕಾರಿ ವರ್ಷದ ಕೊನೆಯ ತಿಂಗಳಲ್ಲಿ ಅವಸರದಿಂದ ಹೋಗುವ ಸಮೀಕ್ಷಕ ಖಾಲಿ ಮನೆಗಳನ್ನು ಕಂಡು ಬರುತ್ತಾನೆ. ಹಬ್ಬದ ಮರುದಿನ ಹೋಗುವವನಿಗೆ ಮೂವರು ಅಣ್ಣತಮ್ಮಂದಿರ ಜೊತೆಗೆ ಒಂದು ಲೋಟ ಚಹವೂ ದೊರೆಯುತ್ತದೆ.

ಪರರ ಸಂಸಾರದ ಗುಟ್ಟನ್ನು ಹೀಗೆ ಕೆದಕುವುದು ಸರಿಯೇ ಎಂದು ಕೇಳುವವರೂ ಇದ್ದಾರೆ. ಆ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಕೊಡುವುದೂ ಬಿಡುವುದೂ ಅವನ ಇಷ್ಟಕ್ಕೆ ಸೇರಿದ್ದಾಗಬೇಕು. ಅವನ ಹೆಸರು ಯಾವ ವರದಿಯಲ್ಲಿಯೂ ಕಾಣಬಾರದು. ಅವನ ಸಾಲದ ಮಾತು ಸಾಲಕೊಟ್ಟವನ ಕಿವಿಗೂ, ಮಗನ ಮಾತು ಬೀಗರ ಕಿವಿಗೂ ಬೀಳಬಾರದು. ವರ್ಷಾನುವರ್ಷ ಅದೇ ಬಾಗಿಲಿಗೆ ಬರುವವನಿಗೆ ನಂಬಿಕೆಯೇ ಬಂಡವಾಳ. ಒಮ್ಮೆ ಮಾತು ಹೊರಬಿದ್ದರೆ ಎರಡನೆಯ ಸಲ ಆ ಬಾಗಿಲು ತೆರೆಯದು.

ಉತ್ತರ ಕೊಡುವವನಿಗೆ ಇದರಿಂದ ಕೈಗೆ ಬರುವ ಲಾಭವೇನೂ ಇಲ್ಲ. ಅವನ ಬಾಳು ಆಗಲೇ ಅರ್ಧ ಕಳೆದಿರುತ್ತದೆ. ಏಳನೆಯ ತರಗತಿಗೆ ಶಾಲೆ ಬಿಟ್ಟದ್ದರಿಂದ ಏನಾಯಿತೆಂದು ಅವನು ಹೇಳಬಲ್ಲ, ಅದನ್ನು ತಿದ್ದಿಕೊಳ್ಳಲಾರ. ಅವನ ಉತ್ತರದಿಂದ ಪ್ರಯೋಜನ ಪಡೆಯುವವನು ಈಗ ಏಳನೆಯ ತರಗತಿಯ ಬೆಂಚಿನ ಮೇಲೆ ಕುಳಿತಿರುವ ಬೇರೊಬ್ಬರ ಮಗ. ಹೀಗಿದ್ದೂ ವಂಗಲ, ದಾಲೇನಗಳ ಗೃಹಸ್ಥರು ಎಪ್‌ಸ್ಟೈನ್ ಮರಳಿ ಬಂದಾಗ ಅವಳೊಡನೆ ಮತ್ತೆ ಮನೆಯ ಮಾತನ್ನಾಡಿದರು. ಪಟ್ಟಣದ ಮನೆಗಳ ಬಾಗಿಲಿಗೂ ಒಂದಲ್ಲ ಒಂದು ದಿನ ಇಂಥ ಪ್ರಶ್ನಾವಳಿ ಬರಬಹುದು. ಬಂದವನು ನಿಜವಾದ ಸಮೀಕ್ಷಕನೆಂಬುದನ್ನು ಖಚಿತಪಡಿಸಿಕೊಂಡು, ಅರ್ಧ ಗಂಟೆ ಕುಳಿತು ಉತ್ತರಿಸಿ, ಊರು ಬಿಟ್ಟುಹೋದ ತಮ್ಮನ ವಿಳಾಸವನ್ನೂ ತಮ್ಮನ ಒಪ್ಪಿಗೆ ಪಡೆದು ಬರೆಸಿದರೆ ಅದು ಸಣ್ಣ ಉಪಕಾರವಲ್ಲ.